ಒಳಮಡಿಕೆಯ ಎರಡಿಂಚು

ನಮ್ಮಕ್ಕ ದರ್ಜಿ. ಯಾರ ಬಟ್ಟೆಯೇ ಆಗಲಿ, ಹೊಲಿಗೆಯ ಒಳಗೆ ಒಂದಿಂಚು ಹೆಚ್ಚು ಬಿಡದೆ ಹೊಲಿಯುವವಳಲ್ಲ. ಮೈ ಇವತ್ತಿದ್ದ ಹಾಗೆ ನಾಳೆ ಇರುತ್ತದೆಯೇ ಎಂದು ಗಿರಾಕಿಗಳ ಬಾಯಿ ಮುಚ್ಚಿಸುತ್ತಿದ್ದಳು. ಅವರು ಅವಳಿಗೆ ಇಂಚಕ್ಕ ಎಂದೇ ಹೆಸರಿಟ್ಟಿದ್ದರು. ಒಬ್ಬಳೇ ಮಗಳ ಓಟದ ಪ್ಯಾಂಟಿಗಂತೂ ಕಾಲಿನ ಬಳಿ ಎರಡಿಂಚು ಮಡಿಚಿ ಹೊಲಿದಿದ್ದಳು. ಹದಿನೈದರ ಹುಡುಗಿ, ಬೆಳೆಯುವ ಕಾಲು.

ಹುಡುಗಿ ಬೆಳಗಾದರೆ ನೀರಿನ ಟ್ಯಾಂಕಿನವರೆಗೆ ಓಡಿ, ಅದರ ಗೋಡೆ ಮುಟ್ಟಿ ಹಿಂದಿರುಗುವಳು. ಬಾಗಿಲಲ್ಲೇ 'ಅಮ್ಮಾ, ಬಂದೆ' ಎಂದು ಕೂಗುವುದು ರೂಢಿ. ಒಂದು ದಿನ ಹಿಂದಿರುಗುವಾಗ ತಿರುವಿನಲ್ಲಿ ಲಾರಿ ಹೊಡೆಯಿತು. ಆ ಕೂಗು ಬರಲೇ ಇಲ್ಲ.

ಮೂರು ತಿಂಗಳು ಅಕ್ಕ ಮೆಷಿನ್ನಿನ ಮುಂದೆ ಕಲ್ಲಾಗಿ ಕುಳಿತಳು. ಆಮೇಲೊಂದು ಮುಂಜಾನೆ ಮಗಳ ಪ್ಯಾಂಟಿನ ಮಡಿಕೆ ಬಿಚ್ಚಿದಳು, ಸೊಂಟದಲ್ಲಿ ಬಿಟ್ಟಿದ್ದನ್ನೂ ಬಿಚ್ಚಿದಳು. ತನಗೇ ಸರಿಹೋಯಿತು. ಹಾಕಿಕೊಂಡು ಓಡಿದಳು. ನಲವತ್ತೆರಡರ ಹೆಂಗಸು, ಬೀದಿನಾಯಿಯೂ ಅವಳನ್ನು ಹಿಂದೆ ಹಾಕಿ, ಮುಂದೆ ನಿಂತು ಕಾದಿತ್ತು. ಅವತ್ತು ಹೊಟ್ಟೆ ತುಂಬ ಉಂಡಳು. ನನಗೆ ಅಷ್ಟೇ ಸಾಕಿತ್ತು.

ಬೀದಿ ಮೂಗು ಮುರಿಯಿತು. ಮಗಳನ್ನು ಮಣ್ಣು ಮಾಡಿ ಬಂದವಳಿಗೆ ಇದೆಂಥ ಹುಚ್ಚು ಎಂದರು. ಎಲುಬಿಲ್ಲದ ನಾಲಿಗೆ, ಏನು ಬೇಕಾದರೂ ಆಡುತ್ತದೆ. ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು: ಅಕ್ಕ ದಿನವೂ ಆ ತಿರುವಿನವರೆಗೆ ಹೋಗಿ ವಾಪಸ್ಸಾಗುತ್ತಿದ್ದಳು. ಮುಂದಕ್ಕೆ ಕಾಲು ಏಳುತ್ತಿರಲಿಲ್ಲ. ಅದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು.

ಕೊನೆಗೊಂದು ದಿನ ನಮ್ಮಣ್ಣ ರೇಗಿ, ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ, ತಿರುವಿನಲ್ಲೇ ಅವಳನ್ನು ಅಡ್ಡಗಟ್ಟಿದ.

"ಸಾಕು, ಮನೆಗೆ ನಡಿ. ಈ ರಸ್ತೆ ಮಗೂನ ನುಂಗಿದ್ದು ಸಾಲದಾ?"

"ನುಂಗಿದ್ದು ಲಾರಿ, ಅಣ್ಣ. ರಸ್ತೆ ನನ್ನ ಮಗಳದು."

ಹಾಗೆಂದವಳೇ ಸ್ಕೂಟರಿನ ಪಕ್ಕದಿಂದ ನುಸುಳಿ ತಿರುವು ದಾಟಿಬಿಟ್ಟಳು. ನಾವು ಹಿಂದೆಯೇ ಹೋದೆವು. ಟ್ಯಾಂಕಿನ ಗೋಡೆಗೆ ಅಂಗೈ ಒತ್ತಿ ಗಳಗಳನೆ ಅತ್ತಳು. ಅಣ್ಣನ ದನಿ ಮೆತ್ತಗಾಗಿತ್ತು. ಗಾಡಿ ಹತ್ತು, ಮನೆಗೆ ಬಿಡ್ತೀನಿ ಎಂದ. ಅಕ್ಕ ಒಲ್ಲೆನೆಂದು ಕಣ್ಣೊರೆಸಿಕೊಂಡು ತಿರುಗಿ ಓಡಿದಳು. ಮತ್ತೆ ಅದೇ ತಿರುವು. ಅಲ್ಲಿ ಒಂದು ಹೆಜ್ಜೆಯನ್ನೂ ನಿಧಾನ ಮಾಡಲಿಲ್ಲ. ಅಣ್ಣ ಲಾರಿಗಳು ಹೋಗುವ ಬದಿಗೆ ಸ್ಕೂಟರ್ ಇಟ್ಟುಕೊಂಡು, ಮನೆಯವರೆಗೂ ಅವಳ ಜೊತೆಗೇ ಬಂದ.

ಬಾಗಿಲ ಚೌಕಟ್ಟು ಹಿಡಿದು ನಿಂತು, ಉಸಿರು ಸಿಕ್ಕಿದ ಮೇಲೆ ಅಕ್ಕ ನನ್ನ ಮುಖ ನೋಡಿದಳು.

"ಮಗೂನ ಕರ್ಕೊಂಡು ಬಂದೆ ಕಣೇ."