ನಳಿಗೆಯೊಳಗಿನ ಆಕಾಶ

ಹೃದಯದ ಆಪರೇಷನ್ ಮುಗಿಸಿ ನಾನು ಬೆಂಗಳೂರಿನಿಂದ ಬಿ.ಜಿ. ಕೆರೆಗೆ ಮರಳಿದ ಮೇಲೆ ನಮ್ಮ ಮನೆಯ ಕುಕ್ಕರ್ ಕೂಗುವುದನ್ನೇ ಬಿಟ್ಟಿತು. ದೊಡ್ಡ ಸದ್ದಾದರೆ ನನ್ನ ಹೃದಯ ನಿಂತುಹೋಗುತ್ತದೆ ಎಂದು ನನ್ನ ಹೆಂಡತಿ ಅದೆಲ್ಲಿಂದ ತಿಳಿದುಕೊಂಡು ಬಂದಳೋ! ಕುಕ್ಕರಿನ ಸೀಟಿಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಸೇರಿಸಿದಳು. ಸಾಸಿವೆ ಚಟಪಟ ಎನ್ನುತ್ತದೆಂದು ಹಿತ್ತಲಿಗೆ ಹೋಗಿ ಒಗ್ಗರಣೆ ಹಾಕುತ್ತಿದ್ದಳು. ದೀಪಾವಳಿಗೆ ಬೀದಿಯ ಮಕ್ಕಳಿಗೆಲ್ಲ ಕರ್ಜಿಕಾಯಿ ಕೊಟ್ಟು, ಪಟಾಕಿಯನ್ನು ಕೆರೆ ಏರಿಯ ಮೇಲೆ ಹೊಡ್ಕೊಳ್ರಿ ಎಂದು ಅಟ್ಟಿದಳು. ಮನೆಗೆ ಬಂದವರು ನನ್ನ ಮುಂದೆ ಪಿಸುಗುಟ್ಟಿ ಮಾತಾಡತೊಡಗಿದರು. ಬದುಕಿರುವಾಗಲೇ ತಿಥಿಯ ಊಟಕ್ಕೆ ಬಂದವರ ಹಾಗೆ.

ಅಂಥ ಮನೆಯ ಬೀರುವಿನಲ್ಲಿ ನನ್ನ ತೋಟಾ ಬಂದೂಕು ಇತ್ತು. ಅಪ್ಪನ ಕಾಲದ್ದು, ಒಂಟಿ ನಳಿಗೆಯದು, ಮದ್ದೂ ಚರೆಯೂ ತುಂಬಿದ ತೋಟಾ ಹಾಕಿ ಹಾರಿಸುವಂಥದು. ಶೇಂಗಾ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಅಪ್ಪ ಲೈಸೆನ್ಸ್ ಮಾಡಿಸಿದ್ದರು. ನಾನು ಮಾತ್ರ ಅದರಿಂದ ಹೆಚ್ಚಾಗಿ ಗಡಿಗೆಗಳನ್ನೇ ಒಡೆದೆ. ಭಾನುವಾರ ಬೆಳಿಗ್ಗೆ ಕೆಲವು ಗೆಳೆಯರು ಸೇರಿ ಹಾಳುಬಿದ್ದ ಕಲ್ಲು ಕ್ವಾರಿಗೆ ಹೋಗುತ್ತಿದ್ದೆವು. ಕುಂಬಾರರ ಮನೆಯಿಂದ ತಂದ ಒಡಕು ಗಡಿಗೆಗಳನ್ನು ಬಂಡೆಯ ಮೇಲಿಟ್ಟು ಗುರಿ ಹೊಡೆಯುವುದು, ಸೋತವನು ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕೊಡಿಸುವುದು. ಇಷ್ಟೇ ನನ್ನ ಷೋಕಿ.

ಎದೆಯ ಮೂಳೆ ಚೆನ್ನಾಗಿ ಕೂಡಿಕೊಂಡ ಮೇಲೆ ಡಾಕ್ಟರು ನಕ್ಕು, ಬಂದೂಕು ಹಿಡಿಯಬಹುದು, ಸದ್ದಿಗೆ ಏನೂ ಆಗುವುದಿಲ್ಲ ಎಂದರು. ಹೆಂಡತಿ ನಗಲಿಲ್ಲ. ನನಗೆ ಅದು ಬರೀ ಗಡಿಗೆಯ ಮಾತಾಗಿರಲಿಲ್ಲ. ಮನೆಯಲ್ಲಿ ಒಂದು ಬಿಂದಿಗೆ ನೀರನ್ನೂ ನನ್ನ ಕೈಗೆ ಕೊಡುತ್ತಿರಲಿಲ್ಲ. ಒಮ್ಮೆ ನೆಟ್ಟಗೆ ನಿಂತು ಗುಂಡು ಹಾರಿಸಿದರೆ ನಾನು ಮೊದಲಿನ ಮನುಷ್ಯ, ಇಲ್ಲದಿದ್ದರೆ ಸಾಯುವವರೆಗೂ ಮಂಚದ ಮೇಲಿನ ರೋಗಿ ಎಂದು ನನ್ನೊಳಗೆ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಕೊನೆಗೆ ಹೆಂಡತಿ ಒಪ್ಪಿದಳು, ಅದೂ ಅನುಮಾನ ಬರುವಷ್ಟು ಸುಲಭವಾಗಿ.

“ಹೋಗ್ರಿ. ಆದ್ರೆ ನನ್ ತಮ್ಮ ಜೊತೆಗಿರ್ತಾನೆ,” ಎಂದಳು.

ಈ ತಮ್ಮ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನು. ಎಳೆಯ ಮೇಲೆ ಎಳೆ ಕೂರಿಸುವ ಬೆರಳು ಅವನವು, ಬಂದೂಕನ್ನು ಎಂದೂ ಮುಟ್ಟಿದವನಲ್ಲ. ಶನಿವಾರವೇ ಬಂದು ಅಕ್ಕನ ಜೊತೆ ಅಡುಗೆಮನೆಯಲ್ಲಿ ಗುಸುಗುಸು ನಡೆಸಿದ್ದ. ಮರುದಿನ ಕ್ವಾರಿಯಲ್ಲಿ ನನ್ನ ತೋಟಾಗಳ ಚೀಲವನ್ನು ಅವನೇ ಹಿಡಿದುಕೊಂಡು, ದೇವರ ಪ್ರಸಾದ ಕೊಡುವವನಂತೆ ಒಂದನ್ನು ನನ್ನ ಕೈಗಿಟ್ಟ.

ಬಂದೂಕನ್ನು ಭುಜಕ್ಕೆ ಒತ್ತಿಕೊಂಡೆ. ಗೆಳೆಯರೆಲ್ಲ ಗಡಿಗೆಯನ್ನು ಬಿಟ್ಟು ನನ್ನ ಎದೆಯನ್ನೇ ನೋಡುತ್ತಿದ್ದರು. ಬಂದೂಕಿನ ಕುದುರೆ ಎಳೆದೆ.

ಠುಸ್ ಎಂದಿತು. ಭುಜಕ್ಕೆ ಒದೆತವೇ ಇಲ್ಲ. ಗಡಿಗೆ ಕೂತಲ್ಲೇ ಕೂತಿತ್ತು.

“ಸಾಕು ಬಿಡ್ರಿ ಭಾವ, ಹೊಡೆದಂಗಾತು,” ಎಂದ ಭಾವಮೈದುನ.

ನನಗೆ ರೇಗಿಹೋಯಿತು. “ಲೇ, ಇದು ಹೊಡೆದಂಗೇನೋ?” ಎಂದವನೇ ಪಕ್ಕದ ಗೆಳೆಯನ ಚೀಲಕ್ಕೆ ಕೈಹಾಕಿ ಒಳ್ಳೆಯ ತೋಟಾ ಒಂದನ್ನು ತೆಗೆದೆ. ಭಾವಮೈದುನ ಓಡಿ ಬಂದು ಕೈ ಹಿಡಿದ. “ಬ್ಯಾಡ್ರಿ ಭಾವ, ಅದು ಭಾಳ ಸದ್ದು ಮಾಡ್ತೈತೆ!” ಅವನನ್ನು ತಳ್ಳಿ, ಬಂದೂಕನ್ನು ನಡುವಿಗೆ ಮಡಿಸಿ ನಳಿಗೆಯ ಹಿಂಬಾಯಿ ತೆರೆದು, ಖಾಲಿ ತೋಟಾ ಕಿತ್ತೆಸೆದೆ.

ಅಪ್ಪ ನನಗೆ ಬಂದೂಕು ಕಲಿಸುವಾಗ ಒಂದು ರೂಢಿ ಹಾಕಿಸಿದ್ದರು. ಪ್ರತಿ ಸಲ ತೋಟಾ ತುಂಬುವ ಮೊದಲು ಖಾಲಿ ನಳಿಗೆಯನ್ನು ಮೇಲೆತ್ತಿ, ಹಿಂದಿನಿಂದ ಕಣ್ಣಿಟ್ಟು ನೋಡಬೇಕು. ಆಕಾಶ ಕಂಡರೆ ಮಾತ್ರ ತೋಟಾ. ಆ ಸಿಟ್ಟಿನಲ್ಲೂ ಕೈ ತಾನಾಗಿ ನಳಿಗೆಯನ್ನು ಎತ್ತಿತು.

ಕತ್ತಲೆ.

ಚಳ್ಳಕೆರೆಯ ಬಸ್ ಸ್ಟ್ಯಾಂಡಿನಲ್ಲಿ ನನಗೆ ಮೊದಲ ಸಲ ಎದೆನೋವು ಬಂದಾಗಲೂ ಹೀಗೆಯೇ ಕಣ್ಣು ಕತ್ತಲಿಟ್ಟಿತ್ತು. ಮುಗಿಯಿತು, ಹೆಂಡತಿಯ ಮಾತೇ ನಿಜವಾಯಿತು ಅಂದುಕೊಂಡೆ. ಹೆದರುತ್ತಾ ನಳಿಗೆಯಿಂದ ಕಣ್ಣು ತೆಗೆದೆ. ಗುಡ್ಡ ಕಂಡಿತು, ಬಂಡೆ ಕಂಡಿತು, ಬಂಡೆಯ ಮೇಲಿನ ಗಡಿಗೆಯೂ ಕಂಡಿತು. ಮತ್ತೆ ನಳಿಗೆಗೆ ಕಣ್ಣಿಟ್ಟರೆ ಕತ್ತಲೆ. ಕತ್ತಲೆ ಇದ್ದದ್ದು ನನ್ನ ಕಣ್ಣಲ್ಲಲ್ಲ, ಬಂದೂಕಿನ ಒಳಗೆ.

ಗೆಳೆಯರು ಕೋಲು ತೂರಿಸಿ ನೂಕಿದರು. ನಳಿಗೆಯ ನಡುವೆ ಸಿಕ್ಕಿಕೊಂಡಿದ್ದ ಸೀಸದ ಚರೆಯೂ, ತೋಟಾದಲ್ಲಿ ಅದರ ಹಿಂದೆ ಇಡುವ ಬೆಣೆಯೂ ನೆಲಕ್ಕೆ ಬಿದ್ದವು. ಅದರ ಹಿಂದೆ ನಾನು ಆ ತುಂಬಿದ ತೋಟಾ ಹಾರಿಸಿದ್ದರೆ ನಳಿಗೆ ನನ್ನ ಮುಖದ ಹತ್ತಿರವೇ ಸಿಡಿಯುತ್ತಿತ್ತು. ಭಾವಮೈದುನ ಅಲ್ಲೇ ಕುಸಿದು ಕೂತ.

“ಅಯ್ಯೋ ದೇವುಡಾ! ಅಕ್ಕ ಹೇಳಿದ್ಲು ಭಾವ. ತೋಟಾ ಬಾಯಿ ಬಿಚ್ಚಿ ಮದ್ದು ತೆಗೆದು, ಚಿಟಿಕೆಯಷ್ಟು ಬಿಟ್ಟು, ಮತ್ತೆ ಮೇಣ ಹಚ್ಚಿ ಮುಚ್ಚಿದ್ದೆ. ಸದ್ದು ಸಣ್ಣಗಾಗ್ಲಿ ಅಂತ.”

ಬಿಚ್ಚಿದ್ದು ಗೊತ್ತೇ ಆಗದಷ್ಟು ನಾಜೂಕಾಗಿ ಮುಚ್ಚಿದ್ದ ಪುಣ್ಯಾತ್ಮ. ಆ ಚಿಟಿಕೆ ಮದ್ದಿಗೆ ಚರೆಯನ್ನು ನಳಿಗೆಯಿಂದ ಹೊರಗೆ ನೂಕುವ ಬಲವೇ ಇರಲಿಲ್ಲ. ನನ್ನ ಎದೆ ಡಬಡಬ ಬಡಿದುಕೊಳ್ಳುತ್ತಿತ್ತು. ಬಹಳ ಹೊತ್ತು ಬಡಿದುಕೊಂಡಿತು. ನಿಲ್ಲಲಿಲ್ಲ.

ಮನೆಗೆ ಬಂದು ಆ ಬೆಣೆ, ಚರೆಗಳನ್ನು ತಟ್ಟೆಯಲ್ಲಿಟ್ಟು ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದೆ. ಬಯ್ಯಬೇಕೆಂದೇ ಬಂದಿದ್ದೆ. ಅವಳ ಮುಖದ ಬಣ್ಣ ಇಳಿದದ್ದು ನೋಡಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

“ಹಂಗಾದ್ರೆ ನಿಮ್ಮನ್ನ ನಾನೇ ಕೊಲ್ತಿದ್ನಾ?” ಎಂದಳು.

ಆ ದಿನ ನಾವಿಬ್ಬರೂ ಸರಿಯಾಗಿ ಉಣ್ಣಲಿಲ್ಲ. ಮಾರನೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಕೂಗಿದ ಕೂಡಲೇ ಅವಳು ಓಡಿ ಬಂದು ನನ್ನ ಎದೆಯ ಮೇಲೆ ಅಂಗೈ ಇಟ್ಟು ನಿಂತಳು.

ಮುಂದಿನ ಭಾನುವಾರ ತಾನೂ ಬರುತ್ತೇನೆಂದು ಹಟ ಹಿಡಿದಳು. ಕ್ವಾರಿಯಲ್ಲಿ ನಾನು ಬಂದೂಕನ್ನು ಮಡಿಸಿದ್ದೇ ತಡ, ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ಹಿಂದಿನಿಂದ ನಳಿಗೆಗೆ ಕಣ್ಣಿಟ್ಟು ಮೇಲಕ್ಕೆತ್ತಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕೆಳಗಿಳಿಸಿ ನನ್ನ ಕೈಗೆ ಕೊಟ್ಟಳು.

“ಆಕಾಶ ಕಾಣ್ತೈತೆ,” ಎಂದಳು. “ಹೊಡೀರಿ.”