ಅಂಬುಜಾಳ ಮೂಗುಬಟ್ಟು

ಶಿವಾಜಿನಗರದ ಒಡವೆ ಅಂಗಡಿಯೊಂದರಲ್ಲಿ ಕಲ್ಲು ಪರೀಕ್ಷಿಸುವ ಅಂಬುಜಾಗೆ ದಾಕ್ಷಿಣ್ಯವೆಂಬುದು ಗೊತ್ತಿಲ್ಲ. ಕಲ್ಲು ಏನೋ ಅದನ್ನೇ ಹೇಳುತ್ತಾಳೆ. ಕೇಳಿದವರು ಅತ್ತರೂ ಸರಿ, ಬೈದರೂ ಸರಿ.

ಅವತ್ತು ಕಗ್ಗದಾಸಪುರದ ಅಕ್ಕಯಮ್ಮ, ಮೊಮ್ಮಗಳ ಮದುವೆಗೆಂದು ಬೇರೆಲ್ಲೋ ಕೊಂಡ ವಜ್ರದ ಓಲೆಯನ್ನು ಪರೀಕ್ಷೆಗೆ ತಂದಿದ್ದರು. ಪೆನ್ನಿನಂಥ ಯಂತ್ರದ ಮೊನೆ ತಾಗಿಸಿದೊಡನೆ ಅದು ವಜ್ರವೆಂದು ಕೂಗಿತು. ಅಂಬುಜಾ ಒಪ್ಪಲಿಲ್ಲ. ಆ ಯಂತ್ರ ನೋಡುವುದು ಕಲ್ಲಿನಲ್ಲಿ ಶಾಖ ಹರಿಯುವ ಬಗೆಯನ್ನು ಮಾತ್ರ. ಕಾರ್ಖಾನೆಯಲ್ಲಿ ಮಾಡುವ ಮೊಯ್ಸನೈಟ್‌ಗೂ ಅದು ಹಾಗೆಯೇ ಕೂಗುತ್ತದೆ. ಅವಳು ಓಲೆಯನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದಳು. ಕಲ್ಲಿನ ಹಿಂಬದಿಯ ಅಂಚುಗಳು ಒಂದೊಂದೂ ಎರಡೆರಡು ಗೆರೆಯಾಗಿ ಕಂಡವು.

"ಇದು ವಜ್ರ ಅಲ್ಲಮ್ಮ, ಮೊಯ್ಸನೈಟು. ವಜ್ರದಲ್ಲಿ ಒಂದೇ ಗೆರೆ ಕಾಣುತ್ತೆ."

"ಮಿಷಿನ್ನೇ ವಜ್ರ ಅಂತು, ನೀನ್ಯಾಕಮ್ಮ ಅಲ್ಲ ಅಂತೀಯ? ಒಂದೇ ಗೆರೆ ಇರೋದನ್ನ ತೋರ್ಸು. ಅಂಗ್ಡಿ ಕಲ್ಲು ಬೇಡ, ನಿಮ್ಮನೇದು ಏನಾದ್ರೂ ಇದ್ರೆ ತೋರ್ಸು, ನಂಬ್ತೀನಿ."

ಅಂಬುಜಾ ಹಟಕ್ಕೆ ಬಿದ್ದಳು. ಮದುವೆಯಲ್ಲಿ ಅತ್ತೆ ತೊಡಿಸಿದ ವಜ್ರದ ಮೂಗುಬಟ್ಟನ್ನು, ಮುತ್ತೈದೆ ತೆಗೆಯಬಾರದೆಂದು, ಅವಳು ಒಮ್ಮೆಯೂ ತೆಗೆದಿರಲಿಲ್ಲ. ಈಗ ತಿರುಪು ಬಿಚ್ಚಿ ತೆಗೆದು, ಒರೆಸಿ, ಓರೆಯಾಗಿ ಹಿಡಿದು ನೋಡಿದಳು. ಮತ್ತೆ ಒರೆಸಿ ನೋಡಿದಳು.

ಆಮೇಲೆ ಭೂತಗನ್ನಡಿಯನ್ನೂ ಮೂಗುಬಟ್ಟನ್ನೂ ಅಕ್ಕಯಮ್ಮನ ಮುಂದಿಟ್ಟಳು.

"ಇದ್ರಲ್ಲೂ ಎರಡೇ ಇದೆ. ನಿಮ್ದೂ ವಜ್ರ ಅಲ್ಲ, ನಂದೂ ಅಲ್ಲ."

ಅಕ್ಕಯಮ್ಮ ಭೂತಗನ್ನಡಿಯನ್ನು ಮುಟ್ಟಲೇ ಇಲ್ಲ. ಅಂಬುಜಾಳ ಬರಿ ಮೂಗನ್ನು ನೋಡಿದರು, ನಂಬಿದರು.