ಚಟ್ನಿಯ ರೀಲಿಗೆ ಅತ್ತವನು

ನನ್ನ ಶೇಂಗಾ ಚಟ್ನಿಗೆ ಟಿಕೋಟಾದ ನಮ್ಮ ಓಣಿಯ ಆಚೆ ಗಿರಾಕಿಗಳೇ ಇರಲಿಲ್ಲ. ನಾಲ್ಕು ಊರಿಗೆ ಹೆಸರು ಮುಟ್ಟಲಿ ಎಂದು, ವಿಜಯಪುರದಿಂದ ರೀಲ್ ಮಾಡುವವನೊಬ್ಬನನ್ನು ಕರೆಸಿದೆ. ಬಂದವನು ಚಟ್ನಿಯ ರುಚಿ ನೋಡಲಿಲ್ಲ, ನನ್ನ ಮುಖ ನೋಡಿದ.

"ಅಕ್ಕಾರ, ಸ್ವಲ್ಪ ಅಳ್ರಿ. ಗಂಡ ಬಿಟ್ಟು ಹೋಗ್ಯಾನ, ಒಬ್ಬಾಕೀನ ಮಗಳನ್ನ ಸಾಕಾಕತ್ತೇನಿ ಅನ್ರಿ. ಕಣ್ಣೀರಿದ್ರನ ಬ್ರ್ಯಾಂಡ್ ಬೆಳೀತೈತಿ."

"ಯಪ್ಪಾ, ಗಂಡ ಅಲ್ಲೇ ಕುಂತು ಬಳ್ಳೊಳ್ಳಿ ಸುಲಿಯಾಕತ್ತಾನ. ನಿನ್ನ ರೀಲಿನ ಸಲುವಾಗಿ ಅವನ್ನ ಎಲ್ಲಿಗೆ ಓಡಿಸ್ಲಿ?"

ನಾನು ಒಳಕಲ್ಲಿಗೆ ಹುರಿದ ಒಣಮೆಣಸಿನಕಾಯಿ ಹಾಕಿ ಕುಟ್ಟತೊಡಗಿದೆ. ದೂರ ಸರಿ ಎಂದರೂ ಕೇಳದೆ, ನನ್ನ ಕಣ್ಣೀರು ಹಿಡಿಯಲು ಅವನು ಫೋನನ್ನು ಹತ್ತಿರ ತಂದ. ದಿನಾ ಕುಟ್ಟುವ ನನಗೆ ಏನೂ ಆಗಲಿಲ್ಲ. ಅವನೇ ಸೀನಿ ಸೀನಿ ಗಳಗಳನೆ ಅತ್ತ. ಅಳುತ್ತಲೇ ತಯಾರಿದ್ದ ಚಟ್ನಿ ನೆಕ್ಕಿ, "ಭಾರಿ ಐತ್ರೀ ಅಕ್ಕಾರ!" ಎಂದ. ನನ್ನ ಗಂಡ ನಗುತ್ತಾ ಅದನ್ನೆಲ್ಲ ತನ್ನ ಫೋನಿನಲ್ಲಿ ಹಿಡಿದಿದ್ದ. ರೀಲಿನವನನ್ನು ಒಪ್ಪಿಸಿ, ನಮ್ಮ ನಂಬರು ಸೇರಿಸಿ ಅದನ್ನೇ ರೀಲಾಗಿ ಹಾಕಿದೆವು.

ಮರುದಿನವೇ ಬಬಲೇಶ್ವರದಿಂದ ಒಬ್ಬ ಅಜ್ಜಿಯ ಫೋನು: "ಎರಡ ಕಿಲೋ ಕಳಸವ್ವಾ. ಮತ್ತ ಗಂಡನ್ನ ಹಂಗ ಅಳಸಬ್ಯಾಡ ತಂಗಿ, ಪಾಪ."

ಹೊರಗಿನ ಮೊದಲ ಗಿರಾಕಿ. ತಿದ್ದಲು ಹೋಗದೆ ಹೂಂ ಅಂದೆ. ಅಂದಿನಿಂದ ಅಸಲಿ ಗಂಡ ಪ್ರತಿ ರೀಲಿನಲ್ಲೂ ತಾನೇ ಮುಂದೆ ಬಂದು ನಿಲ್ಲುತ್ತಾನೆ.